ಜೆಫ್ ಬೆಕ್ ತೀರಿಕೊಂಡಾಗ ಮಂಗಳೂರಿನಲ್ಲಿ

ಇಂಗ್ಲೆಂಡಿನ ರಾಕ್ ಗಿಟಾರ್ ವಾದಕ ಜೆಫ್ ಬೆಕ್ ಎಂದೂ ಮಂಗಳೂರಿಗೆ ಬಂದವರಲ್ಲ. ಆದರೂ 2023ರ ಜನವರಿ 12ರ ಗುರುವಾರ ಬೆಳಿಗ್ಗೆ ಈ ಊರಿನ ಕೆಲವು ಮನೆಗಳಲ್ಲಿ ಸ್ವಂತದವರೊಬ್ಬರು ಹೋದಂತೆ ಆಗಿತ್ತು. ಊರಿಗೆ ಊರೇ ಶೋಕದಲ್ಲಿ ಮುಳುಗಿತ್ತೆಂದು ಬರೆದರೆ ಅದು ಶುದ್ಧ ಸುಳ್ಳಾದೀತು. ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವರನ್ನು ನಿಲ್ಲಿಸಿ ಕೇಳಿದ್ದರೆ ಬೆಕ್ ಹೆಸರು ಬಲ್ಲವರು ಒಬ್ಬರೋ ಇಬ್ಬರೋ ಸಿಗುತ್ತಿದ್ದರೇನೋ. ಆ ಒಬ್ಬಿಬ್ಬರಿಗೆ ಮಾತ್ರ ಅಂದು ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಅಂಥವರನ್ನು ನಾನು ಹತ್ತಿರದಿಂದ ಬಲ್ಲೆ, ಅವರಲ್ಲಿ ನಾನೂ ಒಬ್ಬ. ಅವರು ಯಾರು, ಅವರಿಗೆ ಅಷ್ಟು ನೋವಾದದ್ದೇಕೆ ಎಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಬೆಕ್ ಇಂಗ್ಲೆಂಡಿನಲ್ಲಿ ಜನವರಿ 10ರಂದು ತೀರಿಕೊಂಡರು. ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಗೆ ತಗುಲುವ ಸೋಂಕು, ಹಠಾತ್ತನೆ ಬಂದು ಅವರನ್ನು ಕೊಂಡೊಯ್ದಿತ್ತು. ಆಗ ಅವರಿಗೆ 78 ವರ್ಷ. ಕುಟುಂಬದವರು ಈ ಸುದ್ದಿಯನ್ನು ಹೊರಗೆ ತಿಳಿಸಿದ್ದು ಮರುದಿನ ಅಲ್ಲಿನ ರಾತ್ರಿಯ ಹೊತ್ತಿಗೆ; ನಮಗದು ಬೆಳಗಿನ ಜಾವ. ಹಿಂದಿನ ನವೆಂಬರಿನವರೆಗೂ ಅಮೆರಿಕದಲ್ಲಿ ಊರೂರು ತಿರುಗಿ ಕಛೇರಿ ಕೊಟ್ಟಿದ್ದ ಮನುಷ್ಯನಾದ್ದರಿಂದ ಮೊದಲು ಯಾರೂ ನಂಬಲಿಲ್ಲ. "ಎಂತ ಮಾರಾಯ, ಇದು ಸುಳ್ಳು ಸುದ್ದಿಯಲ್ವಾ?" ಎಂದು ಒಬ್ಬ ಗೆಳೆಯ ಆರು ಗಂಟೆಗೇ ಫೋನ್ ಮಾಡಿ ಕೇಳಿದ. ಬೆಕ್ ಅವರ ಜತೆಗಾರರೂ ಬಾಲ್ಯದ ಗೆಳೆಯರೂ ಆದ ಗಿಟಾರ್ ವಾದಕ ಜಿಮ್ಮಿ ಪೇಜ್, ಬೆಕ್ ಅವರನ್ನು ಆರು ತಂತಿಗಳ ಯೋಧನೆಂದು ಕರೆದು ಬರೆದ ಸಾಲುಗಳನ್ನು ಓದಿದ ಮೇಲೆ ಸುಳ್ಳಿಗೆ ಎಡೆ ಉಳಿಯಲಿಲ್ಲ.

ಕರಾವಳಿಯಲ್ಲಿ ಗಿಟಾರ್ ಎಂಬುದು ಕಾಲೇಜು ಹುಡುಗರ ಶೋಕಿಯಾಗಿ ಮಾತ್ರ ಬಂದ ವಾದ್ಯವಲ್ಲ. ಇಗರ್ಜಿಯ ಗಾಯನ ಮಂಡಳಿಯಲ್ಲಿ, ಮದುವೆಯ ಹಿಂದಿನ ಸಂಜೆಯ ರೋಸಿನಲ್ಲಿ, ಮರುದಿನದ ರಿಸೆಪ್ಶನಿನಲ್ಲಿ, ಕೊಂಕಣಿ ಸಂಗೀತ ರಾತ್ರಿಗಳಲ್ಲಿ ಅದಕ್ಕೆ ತಲೆಮಾರುಗಳಿಂದ ದುಡಿಮೆ ಇದೆ. ಕೊಂಕಣಿ ಗಾಯಕ ವಿಲ್ಫಿ ರೆಬಿಂಬಸರ ಹಾಡುಗಳಿಗೆ ಗಿಟಾರಿನಲ್ಲಿ ಕಾರ್ಡ್ (ಸ್ವರಗುಚ್ಛ) ಹಿಡಿಯುತ್ತ ಬೆಳೆದವರೇ ರಾತ್ರಿ ಮನೆಗೆ ಬಂದು ಇಯರ್‌ಫೋನಿನಲ್ಲಿ ಬೆಕ್ ಕೇಳುತ್ತಿದ್ದರು. ಹಗಲಿನದು ಹೊಟ್ಟೆಪಾಡು, ರಾತ್ರಿಯದು ಹುಚ್ಚು. ಈ ಹುಚ್ಚು ಇಲ್ಲಿಗೆ ತಲುಪಿದ್ದು ಬಹುಮಟ್ಟಿಗೆ ಗಲ್ಫಿನ ದಾರಿಯಿಂದ. ಕುವೈತಿನಿಂದಲೋ ಬಹ್ರೇನಿನಿಂದಲೋ ರಜೆಗೆ ಬರುವ ಮಾವಂದಿರ ಸೂಟ್‌ಕೇಸಿನಲ್ಲಿ ಟ್ಯಾಂಗ್ ಡಬ್ಬಿ, ಟೈಗರ್ ಬಾಮ್, ಪರಿಮಳದ ಸಾಬೂನುಗಳ ನಡುವೆ ಕ್ಯಾಸೆಟ್ಟುಗಳಿರುತ್ತಿದ್ದವು. ನನ್ನ ಕೈಗೆ ಬಂದ ಬೆಕ್ ಕ್ಯಾಸೆಟ್ಟಿನ ಬೆನ್ನಿನ ಮೇಲೆ ಅರಬ್ಬೀ ಅಕ್ಷರಗಳಿದ್ದವು. ಯಾರು ಏನು ನುಡಿಸಿದ್ದಾರೆಂಬ ವಿವರವೇ ಇರಲಿಲ್ಲ. ಅದರಲ್ಲಿ ಹಾಡುವವರು ಇರಲಿಲ್ಲವಾದ್ದರಿಂದ ಇಂಗ್ಲಿಷ್ ಅರ್ಥವಾಗದ ನನ್ನ ಅಜ್ಜಿಯೂ ಅದನ್ನು ಆಕ್ಷೇಪಿಸದೆ ಕೇಳಿಸಿಕೊಂಡಿದ್ದಳು ಎಂಬುದನ್ನು ಇಲ್ಲಿ ಸುಮ್ಮನೆ ಹೇಳುತ್ತೇನೆ.

ಬೆಕ್ ಹುಟ್ಟಿದ್ದು 1944ರ ಜೂನ್ 24ರಂದು, ಲಂಡನ್ನಿನ ದಕ್ಷಿಣಕ್ಕಿರುವ ವಾಲಿಂಗ್ಟನ್ನಿನಲ್ಲಿ. ಕೊಳ್ಳಲು ದುಡ್ಡಿಲ್ಲದ ಹುಡುಗ ಸಿಗಾರಿನ ಪೆಟ್ಟಿಗೆಗಳನ್ನು ಅಂಟಿಸಿ ಒಡಲು ಮಾಡಿ, ಬೇಲಿಯ ಗೂಟವನ್ನೇ ಕತ್ತಾಗಿಸಿ, ಆಟಿಕೆ ವಿಮಾನದ ತಂತಿ ಬಿಗಿದು, ಸ್ವರದ ಜಾಗ ತೋರಿಸುವ ಅಡ್ಡಪಟ್ಟಿಗಳಾದ ಫ್ರೆಟ್ಟುಗಳನ್ನು ಬಣ್ಣದಲ್ಲಿ ಬರೆದು ಗಿಟಾರ್ ಕಟ್ಟಲು ಹೊರಟಿದ್ದ. ದೊಡ್ಡವರಾದ ಮೇಲೂ ಕೈ ಸುಮ್ಮನಿರಲಿಲ್ಲ. ಹಳೆಯ ಕಾರುಗಳನ್ನು ಬಿಚ್ಚಿ ಕಟ್ಟುವುದು ಅವರ ಇನ್ನೊಂದು ಗೀಳು. 1965ರಲ್ಲಿ ಎರಿಕ್ ಕ್ಲಾಪ್ಟನ್ ಬಿಟ್ಟುಹೋದ ಸ್ಥಾನಕ್ಕೆ, ಜಿಮ್ಮಿ ಪೇಜರ ಶಿಫಾರಸಿನ ಮೇಲೆ, ಯಾರ್ಡ್‌ಬರ್ಡ್ಸ್ ತಂಡವನ್ನು ಸೇರಿದರು. ಆಮೇಲೆ ರಾಡ್ ಸ್ಟೀವರ್ಟ್, ರಾನಿ ವುಡ್ ಇದ್ದ ಸ್ವಂತ ತಂಡ, 1969ರ ಕಾರು ಅಪಘಾತದಲ್ಲಿ ತಲೆಬುರುಡೆಗೆ ಪೆಟ್ಟು, ಕಟ್ಟಿದ ತಂಡಗಳನ್ನು ತಾವೇ ಮುರಿಯುವ ಸ್ವಭಾವ: ಇವೆಲ್ಲ ಎಲ್ಲ ಕಡೆಯೂ ಬರೆದಿರುವ ವಿಷಯಗಳೇ.

ಅವರು ಯಾರ್ಡ್‌ಬರ್ಡ್ಸ್ ಸೇರಿದ ವರ್ಷವೇ ನಡೆದ ಒಂದು ಸಂಗತಿ ಮಾತ್ರ ನಮಗೆ ವಿಶೇಷವಾದದ್ದು. 'ಹಾರ್ಟ್ ಫುಲ್ ಆಫ್ ಸೋಲ್' ಎಂಬ ಹಾಡಿನ ಮುಖ್ಯ ಸ್ವರಪಂಕ್ತಿಗೆ ತಂಡದವರು ಸ್ಟುಡಿಯೋಗೆ ಸಿತಾರ್ ವಾದಕರನ್ನೇ ಕರೆಸಿದ್ದರು. ಡ್ರಮ್ಮು, ಬೇಸುಗಳ ನಡುವೆ ಸಿತಾರಿನ ದನಿ ಸಾಲದಾಯಿತು. ಆಗ ಬೆಕ್ ತಮ್ಮ ಎಲೆಕ್ಟ್ರಿಕ್ ಗಿಟಾರಿಗೆ ದನಿಯನ್ನು ಒರಟಾಗಿಸುವ ಫಝ್ ಪೆಟ್ಟಿಗೆಯೊಂದನ್ನು ಜೋಡಿಸಿ, ಸಿತಾರಿನ ಆ ಝೇಂಕಾರವನ್ನು ತಂತಿಯ ಎಳೆತದಲ್ಲೇ ತಂದುಕೊಟ್ಟರು. ಹಾಡು ಹೊರಬಂದದ್ದು 1965ರ ಜೂನಿನಲ್ಲಿ. ಬೀಟಲ್ಸ್ ತಮ್ಮ ಹಾಡಿನಲ್ಲಿ ನಿಜವಾದ ಸಿತಾರ್ ಬಳಸಿ ಲೋಕವೆಲ್ಲ ಅದರತ್ತ ತಿರುಗಿದ್ದು ಅದೇ ವರ್ಷದ ಕೊನೆಯಲ್ಲಿ. ನಮ್ಮ ವಾದ್ಯದ ವೇಷ ಹಾಕಿದ್ದಕ್ಕಾಗಿ ಬೆಕ್ ನಮಗೆ ಪ್ರಿಯರು ಎಂದು ನಾನು ಹೇಳುತ್ತಿಲ್ಲ. ಇನ್ನೊಂದು ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಹೋಗುವ ದಾರಿ ಹೇಗಿದೆಯೆಂದು ಕಿವಿಗೊಟ್ಟು ಹಿಡಿಯುವ ಗುಣ ಅವರಲ್ಲಿ ಇಪ್ಪತ್ತನೆಯ ವಯಸ್ಸಿಗೇ ಇತ್ತು. ಕಡೆಯವರೆಗೂ ಅವರನ್ನು ನಡೆಸಿದ್ದು ಆ ಗುಣವೇ.

1975ರಲ್ಲಿ ಬಂದ 'ಬ್ಲೋ ಬೈ ಬ್ಲೋ' ಪೂರ್ತಿ ವಾದ್ಯಸಂಗೀತದ ಆಲ್ಬಮ್. ಅದನ್ನು ನಿರ್ಮಿಸಿದವರು ಬೀಟಲ್ಸ್ ತಂಡದ ನಿರ್ಮಾಪಕರಾಗಿದ್ದ ಜಾರ್ಜ್ ಮಾರ್ಟಿನ್. ಹಾಡುಗಾರನಿಲ್ಲದ ರಾಕ್ ಆಲ್ಬಮ್ಮೊಂದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತೆಂಬುದನ್ನು ಈಗಿನ ಕಾಲದಲ್ಲಿ ಊಹಿಸುವುದೂ ಕಷ್ಟ. ಅದರಲ್ಲಿ ಸ್ಟೀವಿ ವಂಡರ್ ರಚಿಸಿದ 'ಕಾಸ್ ವೀ ಹ್ಯಾವ್ ಎಂಡೆಡ್ ಆ್ಯಸ್ ಲವರ್ಸ್' ಎಂಬ ನಿಧಾನಗತಿಯ ರಚನೆಯೊಂದಿದೆ. ಮಂಗಳೂರಿನಲ್ಲಿ ಎಲೆಕ್ಟ್ರಿಕ್ ಗಿಟಾರನ್ನು ಮನಸ್ಸಿಟ್ಟು ಕಲಿತ ಯಾರನ್ನೇ ಕೇಳಿ, ಅದನ್ನು ನುಡಿಸಲು ಹೊರಟು ಸೋತಿದ್ದೇನೆಂದೇ ಹೇಳುತ್ತಾರೆ. ಸ್ವರಗಳು ಕಷ್ಟದವಲ್ಲ. ಸಿ ಮೈನರ್ ಸ್ಕೇಲು ಬಲ್ಲ ಹುಡುಗನಿಗೆ ಒಂದು ವಾರದಲ್ಲಿ ಅವು ಬಾಯಿಪಾಠವಾಗುತ್ತವೆ. ನುಡಿಸಿ ನೋಡಿದರೆ ಸ್ವರಗಳೆಲ್ಲ ಇರುತ್ತವೆ, ಬೆಕ್ ಇರುವುದಿಲ್ಲ.

ಏಕೆಂಬುದನ್ನು ನನಗೆ ತೋರಿಸಿಕೊಟ್ಟವರು ಮಂಗಳೂರಿನ ಬಿಜೈಯಲ್ಲಿ ತಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಪಾಠ ಹೇಳುವ ನಮ್ಮ ಗಿಟಾರ್ ಮಾಸ್ಟ್ರು. ಮದುವೆ ಬ್ಯಾಂಡುಗಳಲ್ಲಿ ಆಯುಷ್ಯ ಕಳೆದವರು. ಕಡಲ ಗಾಳಿಗೆ ಉಕ್ಕಿನ ತಂತಿ ತಿಂಗಳೊಳಗೆ ತುಕ್ಕು ಹಿಡಿಯುವ ಊರಿದು. ಆದ್ದರಿಂದ ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಟ್ಟು ಗಿಟಾರಿನ ಪೆಟ್ಟಿಗೆಯೊಳಗೆ ತುಂಬಿಸುವುದು ಅವರ ಅಭ್ಯಾಸ. ಒಂದು ದಿನ ಅವರು ನನ್ನ ಕೈಯಿಂದ ತಂತಿ ಮೀಟುವ ಬಿಲ್ಲೆಯಾದ ಪಿಕ್ ಕಿತ್ತುಕೊಂಡು ಕಿಸೆಗೆ ಹಾಕಿಕೊಂಡರು. ಬೆಕ್ ಎಂಬತ್ತರ ದಶಕದಲ್ಲಿ ಪಿಕ್ ಬಿಟ್ಟು ಹೆಬ್ಬೆರಳಿನಿಂದಲೇ ಮೀಟಲು ಶುರುಮಾಡಿದವರು. ಮಾಸ್ಟ್ರು ಹೆಬ್ಬೆರಳಿನ ಮಾಂಸದಿಂದ ತಂತಿಯನ್ನು ಮೀಟಿದರು, ಕಿರುಬೆರಳನ್ನು ವಾಲ್ಯೂಮ್ ನಾಬಿನ ಮೇಲಿಟ್ಟರು, ಉಳಿದ ಬೆರಳುಗಳ ನಡುವೆ, ತಂತಿಗಳ ಬಿಗಿತವನ್ನು ಏರಿಳಿಸುವ ಸರಳಾದ ವ್ಯಾಮಿ ಬಾರ್ ಸಡಿಲವಾಗಿ ಕುಳಿತಿತ್ತು. ನಾಬ್ ಸೊನ್ನೆಯಲ್ಲಿರುವಾಗಲೇ ಮೀಟಿ, ಮೀಟಿದ ಸದ್ದು ಅಡಗಿದ ಮೇಲೆ ಕಿರುಬೆರಳಿನಿಂದ ನಾಬನ್ನು ತಿರುಗಿಸಿದರೆ ಸ್ವರ ಮೊದಲಿಲ್ಲದೆ ಹುಟ್ಟುತ್ತದೆ. ಹುಟ್ಟಿದ ಸ್ವರವನ್ನು ಬಾರಿನಿಂದ ಕೂದಲೆಳೆಯಷ್ಟು ಇಳಿಸಿ, ಮೇಲೆತ್ತಿ, ಮುಂದಿನ ಸ್ವರದ ಹೊಸ್ತಿಲಿಗೆ ತಂದು ಬಿಡಬಹುದು. ಸ್ಪ್ರಿಂಗುಗಳನ್ನು ಸಮತೂಕದಲ್ಲಿಟ್ಟ ಬಾರು ಕೆಳಗೂ ಹೋಗುತ್ತದೆ, ಮೇಲಕ್ಕೂ ಬರುತ್ತದೆ. ಒಂದೇ ಕೈಯಲ್ಲಿ ಮೂರು ಕೆಲಸ, ಅದೂ ಒಂದೇ ಉಸಿರಿನಲ್ಲಿ. ಮಾಸ್ಟ್ರಿಗೆ ಅದು ನಾಲ್ಕು ಸ್ವರಗಳವರೆಗೆ ಬಂತು, ಐದನೆಯದಕ್ಕೆ ಕಿರುಬೆರಳು ಜಾರಿತು. "ನೋಡಿದಿಯಾ? ಅವರು ಇದನ್ನು ಇಡೀ ರಾತ್ರಿ ಮಾಡ್ತಾರೆ" ಎಂದರು.

1989ರ ಆಲ್ಬಮ್ಮಿನಲ್ಲಿರುವ 'ವೇರ್ ವರ್ ಯೂ' ಎಂಬ ರಚನೆಯನ್ನು ಈ ವಿದ್ಯೆಯ ತುದಿಯೆನ್ನಬಹುದು. ಬಲ್ಗೇರಿಯಾದ ಹೆಂಗಸರ ಮೇಳಗಾನವನ್ನು ಕೇಳಿ ಅದರಿಂದ ಪ್ರೇರಣೆ ಪಡೆದು ಮಾಡಿದ್ದದು. ಅದರ ರಾಗದ ಬಹುಭಾಗವನ್ನು ಅವರು ತಂತಿಯನ್ನು ಒತ್ತದೆ ಹಗುರವಾಗಿ ಮುಟ್ಟಿ ಹೊರಡಿಸುವ ಹಾರ್ಮೋನಿಕ್ಕುಗಳಿಂದ ಎಬ್ಬಿಸಿ, ಬಾರನ್ನು ಒತ್ತಿಯೋ ಎತ್ತಿಯೋ ಬೇಕಾದ ಸ್ವರಕ್ಕೆ ಸೇರಿಸುತ್ತಾರೆ. ಅಲ್ಲಿ ಎಡಗೈಗೆ ಫ್ರೆಟ್ಟಿನ ಆಸರೆಯಿಲ್ಲ. ಶ್ರುತಿಯ ಹೊಣೆಯೆಲ್ಲ ಬಲಗೈಯ ಒತ್ತಡದ್ದು, ಕಿವಿಯದ್ದು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅಪಸ್ವರ.

ಇಲ್ಲಿಯೇ ನಾವು ಕರಾವಳಿಯವರು ನಮ್ಮದೊಂದು ಹಕ್ಕು ಹೇಳುತ್ತೇವೆ. ಫ್ರೆಟ್ಟಿರುವ, ಕೀಲಿಯಿರುವ ಪರದೇಶದ ವಾದ್ಯದಲ್ಲಿ ಸ್ವರಗಳ ನಡುವಿನ ದಾರಿಯನ್ನು ಹುಡುಕಿದವರನ್ನು ನಾವು ನಮ್ಮ ಕಣ್ಣಾರೆ ಕಂಡಿದ್ದೇವೆ. ಬಂಟ್ವಾಳದ ಸಜೀಪದವರಾದ ಕದ್ರಿ ಗೋಪಾಲನಾಥರು ಬ್ಯಾಂಡಿನ ವಾದ್ಯವಾಗಿದ್ದ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿ, ಅದನ್ನು ವಿದ್ವಾಂಸರು ಒಪ್ಪುವಂತೆ ಮಾಡಿದರು. ಅವರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಗೋಪಾಲನಾಥರ ಕಛೇರಿ ಕೇಳಿದ ಕಿವಿಗೆ ಬೆಕ್ ವಿಚಿತ್ರವಾಗಿ ಕೇಳಿಸುವುದಿಲ್ಲ. ಅದರಲ್ಲೂ 2001ರ ಆಲ್ಬಮ್ಮಿನಲ್ಲಿ ಬೆಕ್ ನುಡಿಸಿದ 'ನಾದಿಯಾ'! ಅದು ಮೂಲತಃ ಬ್ರಿಟನ್ನಿನ ನಿತಿನ್ ಸಾಹ್ನಿಯವರ ರಚನೆ, 1999ರ ಅವರ ಆಲ್ಬಮ್ಮಿನಲ್ಲಿ ಸ್ವಾತಿ ನಾಟೇಕರ್ ಹಾಡಿದ್ದು. ಹಿಂದುಸ್ತಾನಿ ಕಂಠದ ಜಾರುವ ಮೀಂಡುಗಳನ್ನೂ ಚುರುಕಾಗಿ ತಿರುಗುವ ಮುರ್ಕಿಗಳನ್ನೂ ಬೆಕ್ ಬೆರಳಿಗೆ ಸ್ಲೈಡ್ ಎಂಬ ಕೊಳವೆ ತೊಟ್ಟು ಒಂದೊಂದಾಗಿ ಹಿಡಿದಿದ್ದಾರೆ. ಕಂಠದಲ್ಲಿ ಉಸಿರು ಮುಗಿಯುವ ಕಡೆ ಅವರ ಗಿಟಾರಿನಲ್ಲೂ ಉಸಿರು ಮುಗಿಯುತ್ತದೆ.

ಈ ಮಾತನ್ನು ಎಲ್ಲರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ನಮ್ಮ ಬಳಗದಲ್ಲೇ ವೀಣೆ ಕಲಿತ ಅಕ್ಕನೊಬ್ಬರಿದ್ದಾರೆ. "ತಂತಿ ಎಳೆದದ್ದೆಲ್ಲ ಗಮಕ ಆಗುದಿಲ್ಲ ಮಾರಾಯ್ರೆ. ಯಾವ ರಾಗದಲ್ಲಿ ಯಾವ ಸ್ವರ ಅಲುಗಬೇಕು, ಯಾವುದು ಅಲುಗಬಾರದು ಅಂತ ಒಂದು ಲೆಕ್ಕ ಉಂಟು" ಎಂಬುದು ಅವರ ನಿಲುವು. ಶಾಸ್ತ್ರದ ಮಾತು ಹಾಗಿರುವುದು ಸರಿಯೇ. ಬೆಕ್ ರಾಗ ಕಲಿತವರಲ್ಲ, ಕಲಿತೆನೆಂದು ಹೇಳಿಕೊಂಡವರೂ ಅಲ್ಲ. ಆದರೆ ರಾಕ್ ಗಿಟಾರಿಗರನ್ನು ವೇಗದಿಂದ ಅಳೆಯುವ ಕಾಲದಲ್ಲಿ, ಒಂದು ಸ್ವರ ಇನ್ನೊಂದಕ್ಕೆ ಹೇಗೆ ಹೋಗಿ ಸೇರಿತೆಂಬುದರಿಂದ ತನ್ನನ್ನು ಅಳೆಯಿರಿ ಎಂಬಂತೆ ನುಡಿಸಿದವರು ಅವರು. ಆ ಅಳತೆಗೋಲು ನಮ್ಮ ಮನೆಯಲ್ಲಿ ಮೊದಲಿನಿಂದ ಇದ್ದದ್ದು. ಹಾಗಾಗಿ ಇಂಗ್ಲಿಷ್ ಪತ್ರಿಕೆಗಳ ಶ್ರೇಷ್ಠರ ಪಟ್ಟಿಗಳಲ್ಲಿ ಅವರಿಗೆ ಎಷ್ಟನೆಯ ಸ್ಥಾನ, ಎಂಟು ಗ್ರ್ಯಾಮಿಗಳಲ್ಲಿ ಯಾವುದು ಯಾವ ವರ್ಷದ್ದು ಎಂದು ಎಣಿಸುವ ಶ್ರದ್ಧಾಂಜಲಿಗಳು ನಮಗೆ ಅಂದು ಸಪ್ಪೆಯೆನಿಸಿದವು.

ಜನವರಿ ನಮ್ಮಲ್ಲಿ ಮದುವೆಯ ಕಾಲ. ಕ್ರಿಸ್ಮಸ್ ಮುಗಿದು ತಪಸ್ಸಿನ ಕಾಲ ಶುರುವಾಗುವ ಮೊದಲು ಬ್ಯಾಂಡಿನವರಿಗೆ ಬಿಡುವೇ ಇರುವುದಿಲ್ಲ. ಸುದ್ದಿ ಬಂದ ಸಂಜೆಯೂ ನಮ್ಮಲ್ಲೊಬ್ಬನಿಗೆ ರಿಸೆಪ್ಶನಿನ ಕೆಲಸವಿತ್ತು. ಜೀವನದ ಅತಿ ದೊಡ್ಡ ಗುರು ಸತ್ತ ದಿನ ಜರಿಯಂಚಿನ ಕೋಟು ತೊಟ್ಟು ನಗುಮುಖದಿಂದ ಕುಣಿತದ ಬೈಲಾ ಹಾಡುಗಳನ್ನು ನುಡಿಸಬೇಕಾದ ಪಾಡು. ಜನ ಊಟಕ್ಕೆ ಎದ್ದ ಹೊತ್ತಿನಲ್ಲಿ, ಬ್ಯಾಂಡಿನವರು ಮೆಲ್ಲಗಿನದೇನಾದರೂ ನುಡಿಸುವ ರೂಢಿಯಿರುವಾಗ, ಅವನು ಯಾರಿಗೂ ಹೇಳದೆ ಸ್ಟೀವಿ ವಂಡರರ ಆ ರಚನೆಯನ್ನು ಎತ್ತಿಕೊಂಡನಂತೆ. ಕೀಬೋರ್ಡಿನವನು ಒಂದು ಕ್ಷಣ ತಡೆದು ಕಾರ್ಡುಗಳನ್ನು ಹಿಡಿದ. ಸೊರ್ಪೊತೆಲಿನ ಪಾತ್ರೆಯ ಮುಂದೆ ಸಾಲು ನಿಂತ ಅತಿಥಿಗಳಲ್ಲಿ ಯಾರೂ ತಲೆಯೆತ್ತಲಿಲ್ಲ. ವಧುವಿನ ಕಡೆಯ ಹಿರಿಯರೊಬ್ಬರು ಮಾತ್ರ ತಟ್ಟೆ ಹಿಡಿದುಕೊಂಡೇ ವೇದಿಕೆಯ ಬಳಿ ಬಂದು, ಮುಗಿಯುವವರೆಗೂ ನಿಂತು, "ನಿಮಗೂ ಗೊತ್ತಾಯ್ತಲ್ಲ" ಎಂದಷ್ಟೇ ಹೇಳಿ ಹೋದರಂತೆ. ಕುವೈತಿನಲ್ಲಿ ಬಹುಕಾಲ ದುಡಿದವರೆಂದು ಆಮೇಲೆ ತಿಳಿಯಿತು. ನಮ್ಮೂರಿಗೆ ಕ್ಯಾಸೆಟ್ ತಂದ ಮಾವಂದಿರಲ್ಲಿ ಅವರೂ ಒಬ್ಬರಿರಬಹುದೆಂದು ನಾವು ತಮಾಷೆಗೆ ಹೇಳಿಕೊಳ್ಳುವುದುಂಟು.

ಆ ವರ್ಷ ಮಕರ ಸಂಕ್ರಾಂತಿ ಬಿದ್ದದ್ದು ಮುಂದಿನ ಭಾನುವಾರದಂದು. ಬಳಗದವರೆಲ್ಲ, ಕೆಲವರು ಪೂಜೆ ಮುಗಿಸಿ, ಕೆಲವರು ಎಳ್ಳು ಬೆಲ್ಲ ಕಟ್ಟಿಕೊಂಡು, ಮಾಸ್ಟ್ರ ಮಾಳಿಗೆಯಲ್ಲಿ ಸೇರಿದೆವು. ಮಣಿಪಾಲದಿಂದ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಬಂದಿದ್ದರು. ಯಾರೂ ಭಾಷಣ ಮಾಡಲಿಲ್ಲ. ದೀಪ, ಹಾರ, ಫೋಟೋಗಳ ಏರ್ಪಾಡೂ ಇರಲಿಲ್ಲ. ಕೇಳಿದೆವು, ನುಡಿಸಿದೆವು, ಜಗಳವಾಡಿದೆವು. ಹಳಬರಿಗೆ ಎಪ್ಪತ್ತರ ದಶಕದ ಬೆಕ್ ದೇವರು. ಹುಡುಗರಿಗೆ 2007ರಲ್ಲಿ ಲಂಡನ್ನಿನ ರಾನಿ ಸ್ಕಾಟ್ಸ್ ಕ್ಲಬ್ಬಿನಲ್ಲಿ ಚಿತ್ರೀಕರಿಸಿದ ಕಛೇರಿಯೇ ಎಲ್ಲ. ವಿನ್ನಿ ಕೊಲೈಯುಟಾ ಡ್ರಮ್ಸ್, ಜೇಸನ್ ರೆಬೆಲ್ಲೊ ಕೀಬೋರ್ಡ್, ಬೇಸಿನಲ್ಲಿ ಇಪ್ಪತ್ತರ ಹರೆಯದ ಟಾಲ್ ವಿಲ್ಕೆನ್‌ಫೆಲ್ಡ್. ಆ ಹುಡುಗಿಯ ಬೇಸ್ ಸೋಲೋ ನಡೆಯುವಾಗ ಬೆಕ್ ಹಿಂದೆ ಸರಿದು ಮೊಮ್ಮಗಳ ಓಟ ನೋಡುವ ಅಜ್ಜನ ಹಾಗೆ ಹಿಗ್ಗುವುದನ್ನು ಹುಡುಗರು ಮತ್ತೆ ಮತ್ತೆ ಹಾಕಿ ತೋರಿಸಿದರು.

ಜಗಳ ಹತ್ತಿದ್ದು ಸ್ಟೀವಿ ವಂಡರರ ಆ ಒಂದೇ ರಚನೆಯ ಯಾವ ನುಡಿಸಾಣಿಕೆ ಮೇಲು ಎಂಬುದಕ್ಕೆ. 1975ರ ಸ್ಟುಡಿಯೋದ್ದೋ, 2007ರದ್ದೋ? ಎರಡನ್ನೂ ಬೆನ್ನುಬೆನ್ನಿಗೆ ಹಾಕಿದಾಗ ಇವು ಒಂದೇ ರಚನೆಯೆಂದು ನಂಬುವುದಕ್ಕೂ ಆಗಲಿಲ್ಲ. ಮೊದಲನೆಯದರಲ್ಲಿ ಪಿಕ್ಕಿನ ಅಂಚು ಇದೆ, ಎರಡನೆಯದರಲ್ಲಿ ಬೆರಳಿನ ಮಾಂಸವಿದೆ. ಸಾಲುಗಳು ಬೇರೆ ಕಡೆ ನಿಲ್ಲುತ್ತವೆ, ಅಳು ಬೇರೆ ಕಡೆ ಒಡೆಯುತ್ತದೆ. ಆ ವಾದದ ನಡುವೆ ಮಾಸ್ಟ್ರು ಹೇಳಿದ ಮಾತು ನಮ್ಮ ಬಾಯಿ ಕಟ್ಟಿತು. "ಇನ್ನೊಂದು ಸಲ ನುಡಿಸಿದ್ದರೆ ಇನ್ನೂ ಬೇರೆ ಇರ್ತಿತ್ತು. ಅದು ಹೋಯಿತು, ಅಷ್ಟೆ."

ಈ ಶೋಕದ ತಿರುಳು ನನ್ನ ಮಟ್ಟಿಗೆ ಅಲ್ಲಿತ್ತು. ಧ್ವನಿಮುದ್ರಣಗಳು ಎಲ್ಲಿಗೂ ಹೋಗಿಲ್ಲ. ಕೇಳುಗನಿಗೆ ಏನು ನಷ್ಟವೆಂದು ಹೊರಗಿನವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಹಾಡನ್ನು ಒಮ್ಮೆ ಕಟ್ಟಿ, ಕಟ್ಟಿದಂತೆಯೇ ಆಯುಷ್ಯವಿಡೀ ಒಪ್ಪಿಸುವ ಕಲಾವಿದರು ಹೋದಾಗ ನಾವು ಅವರನ್ನು ಕಳೆದುಕೊಳ್ಳುತ್ತೇವೆ, ಹಾಡುಗಳು ಉಳಿಯುತ್ತವೆ. ಬೆಕ್ ಅವರದು ಹಾಗಲ್ಲ. ಅವರು ಬೇರೆಯವರ ರಚನೆಗಳನ್ನೇ ಹೆಚ್ಚಾಗಿ ನುಡಿಸಿದವರು, ಬೀಟಲ್ಸರ 'ಎ ಡೇ ಇನ್ ದ ಲೈಫ್'ನಿಂದ ಪುಚ್ಚೀನಿಯ ಒಪೆರಾದ 'ನೆಸ್ಸೂನ್ ದೋರ್ಮಾ'ದವರೆಗೆ. ಪ್ರತಿ ಕಛೇರಿಯಲ್ಲೂ ಆ ರಚನೆ ಅವರ ಕೈಯಲ್ಲಿ ಮತ್ತೆ ಹೊಸದಾಗುತ್ತಿತ್ತು. ನಮ್ಮ ಕಛೇರಿ ಸಂಪ್ರದಾಯದಲ್ಲಿ ಇದು ಸಹಜ. ಒಂದೇ ಕೀರ್ತನೆಯನ್ನು ಅದೇ ವಿದ್ವಾಂಸರಿಂದ ಎಷ್ಟು ಸಲ ಕೇಳಿದರೂ ನಾವು ಬೇಸರಪಡುವುದಿಲ್ಲ. ರಾಕ್ ಲೋಕದಲ್ಲಿ ಅದು ಅಪರೂಪ. ಆದ್ದರಿಂದಲೇ ಅವರು ಹೋದಾಗ ರಚನೆಗಳೂ ಇದ್ದಲ್ಲೇ ನಿಂತುಬಿಟ್ಟವು.

ಅದೇ ವರ್ಷದ ಮೇ 22 ಮತ್ತು 23ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಎರಿಕ್ ಕ್ಲಾಪ್ಟನ್ನರ ಮುಂದಾಳುತನದಲ್ಲಿ ಅವರ ನೆನಪಿಗೆ ಕಛೇರಿಗಳು ನಡೆದವು. ಜನ ಮೊಬೈಲಿನಲ್ಲಿ ಹಿಡಿದ ತುಣುಕುಗಳನ್ನು ನಾವು ಇಲ್ಲಿ ಕುಳಿತು ನೋಡಿದೆವು. ಒಬ್ಬೊಬ್ಬರೂ ದೊಡ್ಡ ಕಲಾವಿದರೇ, ಭಕ್ತಿಯಿಂದಲೇ ನುಡಿಸಿದರು. ನನಗೆ ಕೇಳಿಸಿದ್ದು ಮಾತ್ರ ನಮ್ಮ ಮಾಳಿಗೆಯಲ್ಲಿ ನಮಗಾಗುವುದೇ: ಅವರು ತಮ್ಮ ಬೆರಳುಗಳಿಂದ ನುಡಿಸಿದಾಗ ಅದು ಅವರದಾಯಿತು, ಬೆಕ್ ಬೆರಳನ್ನು ಅನುಕರಿಸಿದಾಗ ಅಲ್ಲಲ್ಲಿ ಜಾರಿತು. ಅದರಿಂದ ಒಂದು ಬಗೆಯ ಸಮಾಧಾನವೂ ಆಯಿತೆಂದು ಹೇಳದಿದ್ದರೆ ತಪ್ಪಾದೀತು. ಬಿಜೈಯ ಹುಡುಗರಿಗೂ ಲಂಡನ್ನಿನ ಘಟಾನುಘಟಿಗಳಿಗೂ ಅದೇ ಕಡೆ ಬೆರಳು ಜಾರುತ್ತದೆ.

ಮಾಸ್ಟ್ರು ಈಗ ಹೊಸ ವಿದ್ಯಾರ್ಥಿಗಳಿಗೆ ಆರು ತಿಂಗಳಾದ ಮೇಲೆ ಪಿಕ್ ತೆಗೆದಿಡಲು ಹೇಳುತ್ತಾರೆ. ಹೆಬ್ಬೆರಳಿಗೆ ಬೊಬ್ಬೆ ಬರುತ್ತದೆ, ಮಕ್ಕಳು ಗೊಣಗುತ್ತಾರೆ, ಪರೀಕ್ಷೆಯ ಪಾಠಪಟ್ಟಿಯಲ್ಲಿ ಇದಿಲ್ಲವಲ್ಲ ಎಂದು ತಾಯಂದಿರು ಕೇಳುತ್ತಾರೆ. ಬೆಕ್ ಅವರನ್ನು ಇದುವರೆಗೆ ಕೇಳಿಯೇ ಇಲ್ಲದವರು ಎಲ್ಲಿಂದ ಶುರುಮಾಡಬೇಕೆಂದು ನನ್ನನ್ನು ಕೇಳುವುದುಂಟು. ರಾಕ್ ಎಂದರೆ ಗದ್ದಲವೆಂದು ತಿಳಿದವರು 'ನಾದಿಯಾ'ದಿಂದ ಹೊರಡಲಿ, ಮೊದಲು ಸ್ವಾತಿ ನಾಟೇಕರ್ ಹಾಡಿದ್ದು, ಆಮೇಲೆ ಗಿಟಾರಿನದ್ದು. ಗಿಟಾರ್ ಹಿಡಿದವರು ರಾನಿ ಸ್ಕಾಟ್ಸ್ ಕಛೇರಿಯನ್ನು ನೋಡಲಿ, ಒಂದು ಸಲ ಸದ್ದು ನಿಲ್ಲಿಸಿ ಬಲಗೈಯನ್ನಷ್ಟೇ ನೋಡಲಿ. ಹಳೆಯ ಕ್ಯಾಸೆಟ್ ಪ್ಲೇಯರ್ ಇನ್ನೂ ಕೆಟ್ಟಿಲ್ಲದವರು ನನಗೆ ತಿಳಿಸಿದರೆ ಅರಬ್ಬೀ ಅಕ್ಷರದ ಆ ಕ್ಯಾಸೆಟ್ಟನ್ನು ಎರವಲು ಕೊಡಲು ಸಿದ್ಧನಿದ್ದೇನೆ, ವಾಪಸ್ಸು ಕೊಡುವ ಭರವಸೆಯ ಮೇಲೆ.